ಮಾರುವವನಿಗೂ ಬೇಕು ಎಚ್ಚರ

ಭಾನುವಾರದ ಬೆಳಗು. ಬಹುಕಾಲ ಒಂದೇ ಊರಿನಲ್ಲಿ ನೆಲಸಿದ್ದ ಸಂಸಾರವೊಂದಕ್ಕೆ ವರ್ಗಾವಣೆಯ ಆಜ್ಞೆ ಬಂದಿದೆ. ಮಂಚ, ಬೀರು, ಫ್ರಿಜ್ಜು, ಮಕ್ಕಳು ದೊಡ್ಡವರಾದ ಮೇಲೆ ಗೋಡೆಗೊರಗಿ ನಿಂತುಬಿಟ್ಟ ಸೈಕಲ್ಲು, ಇವೆಲ್ಲವನ್ನೂ ಲಾರಿಗೆ ಹೇರಿಕೊಂಡು ಹೋಗುವುದಕ್ಕಿಂತ ಇಲ್ಲಿಯೇ ಮಾರಿ ಹೋಗುವುದು ಲೇಸೆಂದು ಮನೆಯವರು ನಿಶ್ಚಯಿಸಿದ್ದಾರೆ. ಮಗಳು ನಾಲ್ಕಾರು ಚಿತ್ರಗಳನ್ನು ತೆಗೆದು, ಬೆಲೆ ನಮೂದಿಸಿ, ಮಾರಾಟದ ಜಾಲತಾಣಕ್ಕೆ ಏರಿಸುತ್ತಾಳೆ. ತಿಂಡಿಯ ತಟ್ಟೆ ಎತ್ತುವುದರೊಳಗಾಗಿ ಫೋನು ರಿಂಗಣಿಸುತ್ತದೆ.

ಕರೆ ಮಾಡಿದಾತ ಬಹಳ ವಿನಯವಂತ. ಬೆಲೆಯಲ್ಲಿ ಚೌಕಾಶಿ ಮಾಡುವುದಿಲ್ಲ. ವಸ್ತುವನ್ನು ಕಣ್ಣಾರೆ ನೋಡಬೇಕೆಂಬ ಹಟವೂ ಇಲ್ಲ. ‘ಬೇರೆಯವರಿಗೆ ಕೊಟ್ಟುಬಿಡಬೇಡಿ ಸರ್, ಹಣ ಈಗಲೇ ಕಳಿಸುತ್ತೇನೆ’ ಎಂದು ಹೇಳಿ, ವಾಟ್ಸಾಪಿಗೆ ಒಂದು ಕ್ಯೂಆರ್ ಕೋಡನ್ನು ಕಳುಹಿಸುತ್ತಾನೆ. ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಖಾತೆಗೆ ಬಂದು ಬೀಳುವುದೆಂದು ಅವನ ಆಶ್ವಾಸನೆ. ಮನೆಯ ಯಜಮಾನರು ಹಾಗೆಯೇ ಮಾಡುತ್ತಾರೆ. ಫ್ರಿಜ್ಜಿನ ಬೆಲೆಯಷ್ಟು ಹಣ ಅವರ ಖಾತೆಯಿಂದ ಹೊರಟುಹೋಗುತ್ತದೆ. ಫ್ರಿಜ್ಜು ಮಾತ್ರ ಅಡಿಗೆಮನೆಯಲ್ಲಿ ಇದ್ದಲ್ಲಿಯೇ ಇರುತ್ತದೆ.

ಇಂಥ ಪ್ರಸಂಗಗಳನ್ನು ನಾವೆಲ್ಲರೂ ಕೇಳಿದ್ದೇವೆ. ಓಟಿಪಿಯನ್ನು ಯಾರಿಗೂ ಹೇಳಬಾರದೆಂಬ ಬುದ್ಧಿವಾದವೂ ಮನೆಮನೆಗೆ ತಲಪಿದೆ. ಆದರೆ ಇಲ್ಲಿ ಓಟಿಪಿಯನ್ನು ಯಾರೂ ಕೇಳಲಿಲ್ಲ, ಪಿನ್ನನ್ನು ಯಾರೂ ಕದಿಯಲಿಲ್ಲ. ವಿದ್ಯಾವಂತರೂ ವ್ಯವಹಾರಜ್ಞರೂ ಇದರಲ್ಲಿ ಸಿಲುಕುತ್ತಾರೆಂಬುದನ್ನು ನೆನೆದರೆ, ನಮಗಿರುವ ಅರೆಬರೆಯ ತಿಳಿವಳಿಕೆಯನ್ನು ಪೂರ್ಣಗೊಳಿಸಿಕೊಳ್ಳುವ ಅಗತ್ಯ ಮನವರಿಕೆಯಾಗುತ್ತದೆ.

ಹೊಸ ಸಂತೆ, ಹಳೆಯ ನಿಶ್ಚಿಂತೆ

ಕೊಳ್ಳುವವನು ಎಚ್ಚರವಾಗಿರಬೇಕೆಂಬುದು ನಮ್ಮ ಜನಕ್ಕೆ ರಕ್ತಗತವಾದ ಪಾಠ. ಬದನೆಕಾಯನ್ನು ತಿರುಗಿಸಿ ನೋಡದೆ, ಎತ್ತಿನ ಹಲ್ಲನ್ನು ಎಣಿಸದೆ, ಚಿನ್ನವನ್ನು ಒರೆಗೆ ಹಚ್ಚದೆ ಕೊಂಡವರು ನಮ್ಮಲ್ಲಿ ವಿರಳ. ಮಾರುವವನಿಗಾದರೋ ಅಷ್ಟು ಆತಂಕವಿರಲಿಲ್ಲ. ವಸ್ತು ಅವನ ಕೈಯಲ್ಲಿಯೇ ಇರುತ್ತಿತ್ತು, ಹಣ ಎಣಿಸಿಕೊಂಡ ಮೇಲಷ್ಟೆ ಅದು ಕೈ ಬಿಡುತ್ತಿತ್ತು. ವ್ಯಾಪಾರ ಕುದುರದಿದ್ದರೆ ವಸ್ತು ಉಳಿಯುತ್ತಿತ್ತೇ ಹೊರತು, ಮಾರಲು ಹೋದವನು ತನ್ನ ಗಂಟನ್ನೇ ಕಳೆದುಕೊಂಡು ಬರುವ ಸಂಭವ ಬಹಳ ಕಡಮೆಯಾಗಿತ್ತು.

ಈ ನಿಶ್ಚಿಂತೆಯನ್ನೇ ಇಂದಿನ ವಂಚಕನು ಆಶ್ರಯಿಸಿಕೊಂಡಿದ್ದಾನೆ. ಹಣ ಪಡೆಯುವ ಸಾಧನವೂ ಹಣ ಕೊಡುವ ಸಾಧನವೂ ಈಗ ಒಂದೇ ಫೋನಿನೊಳಗೆ, ಒಂದೇ ಆ್ಯಪಿನ ಅಕ್ಕಪಕ್ಕದ ಗುಂಡಿಗಳಾಗಿ ಕುಳಿತಿರುವುದರಿಂದ, ತಾನು ಪಡೆಯುತ್ತಿದ್ದೇನೆಂಬ ಭಾವದಲ್ಲಿರುವ ಮನುಷ್ಯನಿಂದ ಕೊಡುವ ಕ್ರಿಯೆಯನ್ನು ಮಾಡಿಸಿಬಿಡುವುದು ಸಾಧ್ಯವಾಗಿದೆ. ವಂಚನೆಯ ಸಮಸ್ತ ಚಾತುರ್ಯವೂ ಈ ಒಂದು ವಿಪರ್ಯಾಸವನ್ನು ಉಂಟುಮಾಡುವುದರಲ್ಲಿದೆ.

ಹಣ ಸಾಗುವ ಬಗೆ

ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ರೂಪಿಸಿದ ಯುಪಿಐ ವ್ಯವಸ್ಥೆಯು 2016ರ ಏಪ್ರಿಲ್ 11ರಂದು, ರಘುರಾಮ್ ರಾಜನ್ ಅವರು ರಿಸರ್ವ್ ಬ್ಯಾಂಕಿನ ಗವರ್ನರರಾಗಿದ್ದಾಗ, ಪ್ರಾಯೋಗಿಕವಾಗಿ ಆರಂಭವಾಯಿತು. ಅದೇ ವರ್ಷದ ನವೆಂಬರಿನಲ್ಲಿ ದೊಡ್ಡ ನೋಟುಗಳು ರದ್ದಾದ ಬಳಿಕ ಜನಸಾಮಾನ್ಯರು ಅದರತ್ತ ತಿರುಗಿದರು; ಡಿಸೆಂಬರ್ 30ರಂದು ಭೀಮ್ ಆ್ಯಪ್ ಬಂತು. ಹೂವಾಡಗಿತ್ತಿಯ ಬುಟ್ಟಿಯಲ್ಲಿಯೂ ಎಳನೀರಿನ ಗಾಡಿಯಲ್ಲಿಯೂ ಕ್ಯೂಆರ್ ಫಲಕ ಕಾಣಿಸಿಕೊಳ್ಳುವುದಕ್ಕೆ ಬಹಳ ವರ್ಷಗಳೇನೂ ಹಿಡಿಯಲಿಲ್ಲ.

ಇದರ ಕ್ರಮ ಸರಳವಾದುದು. ಹಣ ಕೊಡುವವನು ಪಡೆಯುವವನ ಫೋನ್ ಸಂಖ್ಯೆಯನ್ನೋ ಯುಪಿಐ ಐಡಿಯನ್ನೋ ಬರೆದು, ಮೊತ್ತ ನಮೂದಿಸಿ, ತನ್ನ ಪಿನ್ ಒತ್ತುತ್ತಾನೆ. ಆ ಪಿನ್ ಚೆಕ್ಕಿನ ಮೇಲಿನ ಸಹಿಯಂತೆ: ಕೊಡುವವನ ಸಮ್ಮತಿಯ ಮುದ್ರೆ. ಪಡೆಯುವವನು ಸಹಿ ಮಾಡಬೇಕಾದ ಪ್ರಮೇಯವೇ ಇಲ್ಲ. ಅವನು ನಿದ್ರಿಸುತ್ತಿದ್ದರೂ, ಅವನ ಫೋನು ಆರಿಹೋಗಿದ್ದರೂ, ಹಣ ಅವನ ಖಾತೆಯನ್ನು ಸೇರುತ್ತದೆ.

ಕ್ಯೂಆರ್ ಕೋಡನ್ನು 1994ರಲ್ಲಿ ಜಪಾನಿನ ಡೆನ್ಸೊ ವೇವ್ ಸಂಸ್ಥೆಯ ಮಸಾಹಿರೊ ಹಾರಾ ಮತ್ತು ಸಂಗಡಿಗರು ಕಾರುಗಳ ಬಿಡಿಭಾಗಗಳನ್ನು ಗುರುತಿಸುವುದಕ್ಕಾಗಿ ನಿರ್ಮಿಸಿದರು. ಮಾಹಿತಿಯನ್ನು ಚುಕ್ಕೆಗಳ ರೂಪದಲ್ಲಿ ಹಿಡಿದಿಡುವುದಷ್ಟೆ ಅದರ ಕೆಲಸ. ಪಾವತಿಯ ಕೋಡಿನಲ್ಲಿ ಅಡಗಿರುವುದು ಹಣ ಪಡೆಯುವವನ ಹೆಸರು ಮತ್ತು ಐಡಿ. ಕೆಲವೊಮ್ಮೆ ಮೊತ್ತವೂ ಇರುತ್ತದೆ. ಆದಕಾರಣ ಅದನ್ನು ಸ್ಕ್ಯಾನ್ ಮಾಡುವವನು ಯಾವಾಗಲೂ ಕೊಡುವವನೇ. ಕೊಳ್ಳುವವನು ತನ್ನ ಕೋಡನ್ನು ಮಾರುವವನಿಗೆ ಕಳುಹಿಸುವುದಕ್ಕೆ ನ್ಯಾಯವಾದ ಕಾರಣ ಯಾವುದೂ ಇಲ್ಲ.

ಹಿಂದೆ ‘ಇಷ್ಟು ಹಣ ಕೊಡಿ’ ಎಂಬ ಕೋರಿಕೆಯನ್ನು ಒಬ್ಬ ವ್ಯಕ್ತಿ ಮತ್ತೊಬ್ಬನಿಗೆ ಕಳುಹಿಸುವ ಸೌಕರ್ಯವೂ ಯುಪಿಐಯಲ್ಲಿತ್ತು. ವಂಚಕರು ಆ ಕೋರಿಕೆಯನ್ನೇ ಹಣವೆಂದು ನಂಬಿಸಿ, ಒಪ್ಪಿಗೆಯ ಗುಂಡಿ ಒತ್ತಿಸುತ್ತಿದ್ದರು. ಈ ದುರುಪಯೋಗ ಹೆಚ್ಚಿದುದರಿಂದ, ವ್ಯಕ್ತಿಗಳ ನಡುವಣ ಅಂಥ ಕೋರಿಕೆಗಳನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಬೇಕೆಂದು ನಿಗಮವು ಬ್ಯಾಂಕುಗಳಿಗೆ ಸೂಚಿಸಿತು. ಒಂದು ಬಾಗಿಲು ಮುಚ್ಚಿತು. ಕ್ಯೂಆರ್ ಕೋಡಿನ ಬಾಗಿಲು ತೆರೆದೇ ಇದೆ.

‘ಪಿನ್ ಒತ್ತದಿದ್ದರೆ ಸಾಕು’ ಎಂಬ ಸೂತ್ರವೂ ಈಗ ಪೂರ್ಣವಾಗಿ ಸಾಲದು. ಯುಪಿಐ ಲೈಟ್ ಎಂಬ ಏರ್ಪಾಡಿನಲ್ಲಿ ಸಣ್ಣ ಮೊತ್ತಗಳು ಪಿನ್ ಇಲ್ಲದೆಯೇ ಹೋಗುತ್ತವೆ. ಬೆರಳಿನ ಗುರುತು ಅಥವಾ ಮುಖದ ಗುರುತಿನಿಂದ ಪಾವತಿಗೆ ಸಮ್ಮತಿಸುವ ಕ್ರಮವೂ ಬಂದಿದೆ. ಆದ್ದರಿಂದ ನೆನಪಿಡಬೇಕಾದ ತತ್ತ್ವ ಇನ್ನೂ ವಿಶಾಲವಾದುದು: ಹಣ ಪಡೆಯುವವನು ಮಾಡಬೇಕಾದ ಕ್ರಿಯೆ ಏನೂ ಇಲ್ಲ. ಏನನ್ನಾದರೂ ಮಾಡಿರೆಂದು ಯಾರಾದರೂ ಹೇಳಿದರೆ, ಅದು ಯಾವ ರೂಪದ್ದೇ ಆಗಲಿ, ಮಾತುಕತೆಯನ್ನು ಅಲ್ಲಿಗೆ ನಿಲ್ಲಿಸತಕ್ಕದ್ದು.

ಸೈನಿಕನ ವೇಷ

ವಂಚಕನು ಅಪರಿಚಿತನಾಗಿಯೇ ಉಳಿದರೆ ಅವನ ಮಾತು ನಡೆಯದು. ಆದ್ದರಿಂದ ಅವನು ಗೌರವಾರ್ಹವಾದ ವೇಷವೊಂದನ್ನು ಧರಿಸುತ್ತಾನೆ. ಅಂಥ ವೇಷಗಳಲ್ಲಿ ಬಹಳ ಬಳಕೆಯಾದುದು ಸೈನಿಕನ ವೇಷ. ಸಮವಸ್ತ್ರದ ಚಿತ್ರ, ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡು, ಎಲ್ಲವೂ ಕೇಳುವುದಕ್ಕೆ ಮುನ್ನವೇ ವಾಟ್ಸಾಪಿಗೆ ಬಂದು ಬೀಳುತ್ತವೆ. ಕಾರ್ಯಪ್ಪ, ತಿಮ್ಮಯ್ಯನವರನ್ನು ಕೊಟ್ಟ ಕೊಡಗಿನ ನಾಡಿನಲ್ಲಿ, ಬೆಳಗಾವಿಯ ರೆಜಿಮೆಂಟ್ ಕೇಂದ್ರದ ಸುತ್ತಲ ಹಳ್ಳಿಗಳಲ್ಲಿ, ಮನೆಗೊಬ್ಬ ಸೈನಿಕನಿರುವ ಊರುಗಳಲ್ಲಿ, ಆ ಸಮವಸ್ತ್ರವನ್ನು ಕಂಡ ಮನಸ್ಸು ಸಂಶಯಪಡಲು ಹಿಂಜರಿಯುವುದು ಸ್ವಭಾವಸಹಜ. ಆ ಗೌರವವನ್ನೇ ಕಳವಿನ ಉಪಕರಣವನ್ನಾಗಿ ಮಾಡಿಕೊಳ್ಳುವುದು ಹಣದ ಕಳವಿಗಿಂತಲೂ ಹೀನವಾದ ಕೃತ್ಯ.

ಈ ವೇಷಕ್ಕೆ ಮತ್ತೊಂದು ಪ್ರಯೋಜನವೂ ಉಂಟು. ಸೈನಿಕನಾದ್ದರಿಂದ ಅವನು ಖುದ್ದಾಗಿ ಬರಲಾರ. ವರ್ಗವಾಗಿರುವುದರಿಂದ ಅವನಿಗೆ ಅವಸರ. ಅವನ ಹಣ ಬರುವ ವಿಧಾನವೂ ಬೇರೆ. ‘ನೀವು ಮೊದಲು 1 ರೂಪಾಯಿ ಕಳಿಸಿ, ನಮ್ಮ ಲೆಕ್ಕದ ವಿಭಾಗದಿಂದ 2 ರೂಪಾಯಿ ಬರುತ್ತದೆ’ ಎನ್ನುತ್ತಾನೆ. ನಿಜಕ್ಕೂ 2 ರೂಪಾಯಿ ಬರುತ್ತದೆ. ಈ ಪುಟ್ಟ ಪ್ರಾಮಾಣಿಕತೆಯಿಂದ ವಿಶ್ವಾಸ ಹುಟ್ಟಿದ ಮೇಲೆ 5,000 ಕೇಳುತ್ತಾನೆ. ಅದು ಬಾರದಿದ್ದಾಗ, ತಾಂತ್ರಿಕ ದೋಷವಾಗಿದೆಯೆಂದೂ ಇನ್ನೊಮ್ಮೆ ಕಳುಹಿಸಿದರೆ ಎರಡೂ ಕೂಡಿ ಬರುವುದೆಂದೂ ನಂಬಿಸುತ್ತಾನೆ. ಹೋದ ಹಣವನ್ನು ಹಿಂದಕ್ಕೆ ಪಡೆಯುವ ಆತುರದಲ್ಲಿ ಮನುಷ್ಯನು ಇನ್ನಷ್ಟು ಕಳೆದುಕೊಳ್ಳುತ್ತಾನೆ.

ನಡುವೆ ಭಾಷೆಯ ತೊಡಕೂ ಸೇರಿಕೊಳ್ಳುತ್ತದೆ. ಆತ ಅವಸರದ ಹಿಂದಿಯಲ್ಲಿ ‘ಇದನ್ನು ಒತ್ತಿ, ಅದನ್ನು ಒತ್ತಿ’ ಎಂದು ನಿರ್ದೇಶಿಸುತ್ತಿರಲು, ಫೋನಿನ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರೆದಿರುವುದನ್ನು ಓದುವ ವ್ಯವಧಾನ ಕೇಳುವವನಿಗೆ ಸಿಗುವುದಿಲ್ಲ. ಹಣ ಪಾವತಿಯ ಹಲವು ಆ್ಯಪುಗಳನ್ನು ಕನ್ನಡದಲ್ಲಿ ಬಳಸುವ ಅನುಕೂಲವಿದೆ. ಮನೆಯ ಹಿರಿಯರ ಫೋನಿನಲ್ಲಿ ಆ ಬದಲಾವಣೆಯನ್ನು ಮಾಡಿಕೊಡುವುದು ಮಕ್ಕಳು ಸುಲಭವಾಗಿ ಸಲ್ಲಿಸಬಹುದಾದ ಸೇವೆ.

ಬಾರದ ಹಣ ಬಂದಂತೆ ತೋರುವುದು

ಎರಡನೆಯ ಬಗೆಯ ವಂಚನೆಯಲ್ಲಿ ಮಾರುವವನಿಂದ ಯಾವ ಗುಂಡಿಯನ್ನೂ ಒತ್ತಿಸುವುದಿಲ್ಲ. ಹಣ ಬಂದಿತೆಂಬ ಭ್ರಮೆಯನ್ನು ಹುಟ್ಟಿಸಿ ವಸ್ತುವನ್ನು ಒಯ್ಯುತ್ತಾರೆ. ಪ್ರಸಿದ್ಧ ಪಾವತಿ ಆ್ಯಪುಗಳನ್ನು ಹೋಲುವ ನಕಲಿ ಆ್ಯಪುಗಳಿವೆ. ಹಸಿರು ಗುರುತು, ಹೆಸರು, ಮೊತ್ತ, ವ್ಯವಹಾರದ ಸಂಖ್ಯೆ ಎಲ್ಲವನ್ನೂ ಅವು ತದ್ವತ್ತಾಗಿ ತೋರಿಸಬಲ್ಲವು. ಕೊಳ್ಳುವವನು ತನ್ನ ಫೋನನ್ನು ಎತ್ತಿ ತೋರಿಸುವ ಪರದೆಯಾಗಲಿ, ಅವನು ಕಳುಹಿಸುವ ಸ್ಕ್ರೀನ್‌ಶಾಟ್ ಆಗಲಿ ಹಣ ಬಂದುದಕ್ಕೆ ಸಾಕ್ಷಿಯಾಗದು.

ಹಣ ಜಮೆಯಾಯಿತೆಂಬ ಸುಳ್ಳು ಎಸ್ಸೆಮ್ಮೆಸ್ ಕಳುಹಿಸುವ ಪದ್ಧತಿಯೂ ಉಂಟು. 2,000 ರೂಪಾಯಿಯ ಬದಲು 20,000 ಬಂದಿದೆಯೆಂದು ಸಂದೇಶ ತೋರುತ್ತದೆ. ಒಡನೆಯೇ ಆತ ಗಾಬರಿಯ ದನಿಯಲ್ಲಿ, ಒಂದು ಸೊನ್ನೆ ಹೆಚ್ಚಾಯಿತು, ಆಸ್ಪತ್ರೆಯ ಖರ್ಚಿನ ಹಣ, ಉಳಿದುದನ್ನು ದಯಮಾಡಿ ಹಿಂದಿರುಗಿಸಿ ಎಂದು ಅಂಗಲಾಚುತ್ತಾನೆ. ಪ್ರಾಮಾಣಿಕನಾದವನೇ ಇಲ್ಲಿ ಮೊದಲು ಬಲಿಯಾಗುತ್ತಾನೆ. ಬ್ಯಾಂಕಿನ ನಿಜವಾದ ಸಂದೇಶವು ಅಕ್ಷರಗಳ ಶೀರ್ಷಿಕೆಯಿಂದ ಬರುತ್ತದೆಯೇ ಹೊರತು, ಸಾಮಾನ್ಯವಾದ ಹತ್ತಂಕಿಯ ಮೊಬೈಲ್ ಸಂಖ್ಯೆಯಿಂದ ಬರುವುದಿಲ್ಲ. ಆದರೂ ಸಂದೇಶವನ್ನೇ ನೆಚ್ಚದೆ, ನಮ್ಮ ಖಾತೆಯ ಶಿಲ್ಕನ್ನು ನಾವೇ ತೆರೆದು ನೋಡುವುದೊಂದೇ ನಿಸ್ಸಂದೇಹವಾದ ಪರೀಕ್ಷೆ. ಶಿಲ್ಕು ನೋಡುವುದಕ್ಕೂ ಆ್ಯಪು ಪಿನ್ ಕೇಳುವುದುಂಟು. ಅದು ನಾವೇ ಆರಂಭಿಸಿದ ಕ್ರಿಯೆಯಾದ್ದರಿಂದ ಅದರಲ್ಲಿ ಅಪಾಯವಿಲ್ಲ. ಆದರೆ ಫೋನಿನ ಆಚೆಯವನು ‘ಶಿಲ್ಕು ನೋಡಿ’ ಎಂದು ಹೇಳುತ್ತ ನಡೆಸಿದಂತೆ ನಡೆಯಬಾರದು. ಕರೆಯನ್ನು ಮುಗಿಸಿ, ಆಮೇಲೆ ನೋಡಬೇಕು.

ವಸ್ತುವನ್ನು ಒಯ್ಯಲು ಡೆಲಿವರಿ ಹುಡುಗನೊಬ್ಬನನ್ನು ಕಳುಹಿಸುವುದೂ ಇದೇ ಜಾಡಿನ ಉಪಾಯ. ಆ ಹುಡುಗ ನಿರಪರಾಧಿ, ಬಾಡಿಗೆಗೆ ಬಂದವನು. ಅವನು ಬಾಗಿಲಲ್ಲಿ ಕಾದು ನಿಂತಿರುವಾಗ ಸಂಕೋಚದಿಂದ ವಸ್ತುವನ್ನು ಕೊಟ್ಟುಬಿಡುವ ಸಂಭವವಿರುತ್ತದೆ. ಆ ಸಂಕೋಚವನ್ನು ಗೆಲ್ಲಲೇಬೇಕು.

ಇನ್ನು ಕೆಲವರು, ಹಣ ಸಿಲುಕಿಕೊಂಡಿದೆ, ಸರಿಪಡಿಸಿಕೊಡುತ್ತೇನೆಂದು ಹೇಳಿ, ಎನಿಡೆಸ್ಕ್ ಮೊದಲಾದ ಆ್ಯಪನ್ನು ಹಾಕಿಕೊಳ್ಳಲು ಸೂಚಿಸುತ್ತಾರೆ. ಅದರ ಮೂಲಕ ನಮ್ಮ ಪರದೆ ಅವರ ಕಣ್ಣಿಗೆ ಬೀಳುತ್ತದೆ, ನಮ್ಮ ಫೋನು ಅವರ ಹತೋಟಿಗೆ ಹೋಗುತ್ತದೆ. 2019ರ ಫೆಬ್ರವರಿಯಲ್ಲಿಯೇ ರಿಸರ್ವ್ ಬ್ಯಾಂಕು ಇದರ ವಿಷಯದಲ್ಲಿ ಬ್ಯಾಂಕುಗಳನ್ನು ಎಚ್ಚರಿಸಿತ್ತು.

ಇಬ್ಬರ ನಡುವೆ ಮೂರನೆಯವನು

ಬೈಕು, ಕಾರು, ಬೆಲೆಬಾಳುವ ಫೋನುಗಳ ಮಾರಾಟದಲ್ಲಿ ಇನ್ನೂ ಸೂಕ್ಷ್ಮವಾದ ತಂತ್ರವೊಂದು ನಡೆಯುತ್ತದೆ. ವಂಚಕನು ನಮ್ಮ ಜಾಹೀರಾತಿನ ಚಿತ್ರಗಳನ್ನೇ ಕದ್ದು, ಕಡಮೆ ಬೆಲೆಗೆ ತನ್ನ ಹೆಸರಿನಲ್ಲಿ ಪ್ರಕಟಿಸುತ್ತಾನೆ. ಅದನ್ನು ನೋಡಿ ಕರೆದ ನಿಜವಾದ ಗಿರಾಕಿಗೆ, ವಾಹನ ತನ್ನ ಭಾವನ ಮನೆಯಲ್ಲಿದೆ, ಹೋಗಿ ನೋಡಿ, ಬೆಲೆಯ ಮಾತು ಮಾತ್ರ ಎತ್ತಬೇಡಿ ಎನ್ನುತ್ತಾನೆ. ನಮಗೆ ಕರೆ ಮಾಡಿ, ನೋಡಲು ಬರುವವರು ತನ್ನ ಕಡೆಯವರು, ಅವರೆದುರು ಬೆಲೆ ಹೇಳಬೇಡಿ ಎನ್ನುತ್ತಾನೆ. ಗಿರಾಕಿ ಬರುತ್ತಾನೆ, ಮೆಚ್ಚುತ್ತಾನೆ, ವಂಚಕನ ಖಾತೆಗೆ ಹಣ ಕಟ್ಟುತ್ತಾನೆ, ಕೀಲಿಗೆ ಕೈ ಚಾಚುತ್ತಾನೆ. ಆಗ ಅಂಗಳದಲ್ಲಿ ನಿಂತ ಇಬ್ಬರು ಸಜ್ಜನರು ಪರಸ್ಪರ ಕಳ್ಳರೆಂದು ಭಾವಿಸಿ ಜಗಳವಾಡುವಂತಾಗುತ್ತದೆ. ವಸ್ತುವನ್ನು ನೋಡಲು ಬಂದವನೊಡನೆಯೇ ಬೆಲೆಯನ್ನು ಮುಕ್ತವಾಗಿ ಮಾತಾಡುವುದು ಈ ಬಲೆಯನ್ನು ಕ್ಷಣದಲ್ಲಿ ಹರಿದುಹಾಕುತ್ತದೆ.

ಹಣ ನಿಜವಾಗಿಯೂ ನಮ್ಮ ಖಾತೆಗೆ ಬಂದರೂ ಕೆಲವೊಮ್ಮೆ ತೊಂದರೆ ತಪ್ಪುವುದಿಲ್ಲ. ಬೇರೊಬ್ಬರಿಂದ ಕದ್ದ ಹಣವನ್ನು ವಂಚಕನು ನಮಗೆ ಕಳುಹಿಸಿ ವಸ್ತುವನ್ನು ಒಯ್ದಿದ್ದರೆ, ಹಣ ಕಳೆದುಕೊಂಡವರ ದೂರಿನ ಜಾಡು ಹಿಡಿದು ಪೊಲೀಸರು ನಮ್ಮ ಖಾತೆಯ ಆ ಮೊತ್ತವನ್ನು, ಕೆಲವು ಸಂದರ್ಭಗಳಲ್ಲಿ ಖಾತೆಯನ್ನೇ, ತಡೆಹಿಡಿಯಬಹುದು. ಆಗ ನಮ್ಮ ನಿರ್ದೋಷಿತ್ವವನ್ನು ತೋರಿಸಬಲ್ಲವು ಜಾಹೀರಾತಿನ ಪ್ರತಿ, ಮಾತುಕತೆಯ ದಾಖಲೆ, ಕೊಂಡವನ ಗುರುತಿನ ವಿವರ, ವಸ್ತುವಿನ ಮೂಲ ಬಿಲ್ಲು, ಸಹಿ ಹಾಕಿದ ರಸೀದಿ. ಕೊಂಡವನ ಹೆಸರು ಒಂದು, ಹಣ ಬಂದ ಖಾತೆಯ ಹೆಸರು ಇನ್ನೊಂದು ಆಗಿದ್ದರೆ, ಕಾರಣ ವಿಚಾರಿಸದೆ ವಸ್ತುವನ್ನು ಕೊಡಬಾರದು. ಹೆಚ್ಚು ಹಣ ಬಂದಿದ್ದರೆ ಹೇಳಿದ ಬೇರೆ ಖಾತೆಗೆ ತಿರುಗಿಸದೆ, ಬ್ಯಾಂಕಿನ ಮೂಲಕವೇ ಹಿಂದಿರುಗಿಸುವುದು ಕ್ಷೇಮ.

ಮಾರುವಾಗಿನ ನಡೆ

ಒಎಲ್ಎಕ್ಸ್, ಕ್ವಿಕರ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಮುಂತಾದ ತಾಣಗಳಲ್ಲಿ ತಾಣದೊಳಗೇ ಮಾತಾಡುವ ಅವಕಾಶವಿರುತ್ತದೆ. ಸಾಧ್ಯವಾದಷ್ಟು ಅಲ್ಲಿಯೇ ಮಾತುಕತೆಯನ್ನು ಇಟ್ಟುಕೊಳ್ಳಬೇಕು. ವಾಟ್ಸಾಪಿಗೆ ಬರಬೇಕೆಂದು ಮೊದಲ ಮಾತಿನಲ್ಲೇ ಒತ್ತಾಯಿಸುವುದು ಶುಭಸೂಚನೆಯಲ್ಲ.

ವಸ್ತುವನ್ನು ನೋಡದೆ ಹೇಳಿದ ಬೆಲೆಗೆ ಒಪ್ಪುವವನನ್ನು ಖುದ್ದಾಗಿ ಬರಲು ಹೇಳಬೇಕು. ಹಗಲು ಹೊತ್ತಿನಲ್ಲಿ, ಜನಸಂಚಾರವಿರುವ ಸ್ಥಳದಲ್ಲಿ, ಮನೆಯವರೊಬ್ಬರನ್ನು ಜೊತೆಗಿಟ್ಟುಕೊಂಡು ವ್ಯವಹರಿಸಬೇಕು. ಹಣ ಸ್ವೀಕರಿಸುವುದಕ್ಕೆ ನಮ್ಮ ಯುಪಿಐ ಐಡಿಯನ್ನೋ ನಮ್ಮದೇ ಕ್ಯೂಆರ್ ಕೋಡನ್ನೋ ಕೊಡಬೇಕೇ ವಿನಾ ಅವರದನ್ನು ತೆರೆಯಬಾರದು. ಅವರು ಕಳುಹಿಸಿದ ಯಾವ ಕೊಂಡಿಯನ್ನೂ ಮುಟ್ಟಬಾರದು. ಕೊರಿಯರ್ ಶುಲ್ಕ, ವಿಮೆ, ನೋಂದಣಿ ಎಂಬ ಹೆಸರಿನಲ್ಲಿ ಮಾರುವವನಿಂದಲೇ ಹಣ ಕೇಳಿದರೆ ಅದು ನಿಸ್ಸಂಶಯವಾಗಿ ವಂಚನೆ.

ಚೆಕ್ಕು ಕೊಟ್ಟರೆ, ಬ್ಯಾಂಕಿನಲ್ಲಿ ಅದು ನಗದಾಗುವ ತನಕ ವಸ್ತು ನಮ್ಮಲ್ಲಿಯೇ ಇರಲಿ. ಜಮಾ ಚೀಟಿಯ ಚಿತ್ರ ಹಣವಲ್ಲ. ವಾಹನವಾದರೆ ಮಾಲೀಕತ್ವದ ವರ್ಗಾವಣೆಯನ್ನು ಸಾರಿಗೆ ಕಚೇರಿಗೆ ತಿಳಿಸುವ ಹೊಣೆ ಮಾರಿದವನದೂ ಹೌದು. ಮೋಟಾರು ವಾಹನ ಕಾಯಿದೆಯ ಪ್ರಕಾರ, ರಾಜ್ಯದೊಳಗಿನ ಮಾರಾಟವನ್ನು 14 ದಿನಗಳೊಳಗೆ ವರದಿ ಮಾಡಬೇಕು. ಹಳೆಯ ಫೋನನ್ನು ಮಾರುವಾಗ ಸಿಮ್ಮನ್ನು ತೆಗೆದು, ಪಾವತಿ ಆ್ಯಪುಗಳಿಂದ ಹೊರಬಂದು, ಎಲ್ಲವನ್ನೂ ಅಳಿಸಿ ಕೊಡಬೇಕು.

ಹಣ ಹೋದ ಮೇಲೆ

ಇಷ್ಟೆಲ್ಲ ಎಚ್ಚರವಿದ್ದರೂ ಒಂದು ಗಳಿಗೆಯ ಮರೆವಿನಲ್ಲಿ ಹಣ ಹೋಗಿಬಿಡಬಹುದು. ಆಗ ಮಾಡಬೇಕಾದ ಮೊದಲ ಕೆಲಸ 1930ಕ್ಕೆ ಕರೆ ಮಾಡುವುದು. ಕೇಂದ್ರ ಗೃಹ ಸಚಿವಾಲಯದ ಆಶ್ರಯದಲ್ಲಿ 2021ರಲ್ಲಿ 155260 ಎಂಬ ಸಂಖ್ಯೆಯಿಂದ ಆರಂಭವಾದ ಸಹಾಯವಾಣಿಗೆ ಅನಂತರ ಬಂದ ಸಂಖ್ಯೆ ಇದು. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿಯೂ ದೂರು ದಾಖಲಿಸಬಹುದು.

ಇದು ಕೆಲಸ ಮಾಡುವ ಬಗೆಯನ್ನು ತಿಳಿದರೆ ವೇಗದ ಮಹತ್ತ್ವ ಅರ್ಥವಾಗುತ್ತದೆ. ದೂರು ದಾಖಲಾದೊಡನೆ ಹಣ ತಲಪಿದ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಅಲ್ಲಿ ಹಣ ಉಳಿದಿದ್ದರೆ ಅದನ್ನು ತಡೆಹಿಡಿಯುತ್ತಾರೆ. ಮುಂದಕ್ಕೆ ಸಾಗಿದ್ದರೆ ಸೂಚನೆಯೂ ಮುಂದಿನ ಬ್ಯಾಂಕಿಗೆ ಸಾಗುತ್ತದೆ. ಎಟಿಎಮ್ಮಿನಿಂದ ನಗದಾಗಿ ಹೊರಬಿದ್ದ ಮೇಲೆ ಈ ಬೆನ್ನಟ್ಟುವಿಕೆ ಮುಗಿದಂತೆಯೇ. ಆದ್ದರಿಂದ ವಂಚಕನನ್ನು ಬಯ್ಯುವುದರಲ್ಲಿಯೋ ಬೇಡುವುದರಲ್ಲಿಯೋ ಕಳೆಯುವ ಪ್ರತಿಯೊಂದು ನಿಮಿಷವೂ ಅವನಿಗೆ ಕೊಟ್ಟ ಕಾಲಾವಕಾಶ. ಹನ್ನೆರಡಂಕಿಯ ಯುಪಿಐ ವ್ಯವಹಾರ ಸಂಖ್ಯೆ, ಮೊತ್ತ, ಸಮಯ, ಆತನ ಫೋನ್ ಸಂಖ್ಯೆ, ಐಡಿ, ಇವನ್ನು ಕೈಯಲ್ಲಿಟ್ಟುಕೊಂಡು ಕರೆ ಮಾಡಬೇಕು, ಸಂದೇಶಗಳನ್ನು ಅಳಿಸಬಾರದು. ಒಡನೆಯೇ ಬ್ಯಾಂಕಿಗೂ ತಿಳಿಸಬೇಕು.

2017ರ ಜುಲೈ 6ರ ರಿಸರ್ವ್ ಬ್ಯಾಂಕಿನ ಸುತ್ತೋಲೆಯು ಅನಧಿಕೃತ ವ್ಯವಹಾರಗಳಲ್ಲಿ ಗ್ರಾಹಕನ ಹೊಣೆಯನ್ನು ಮಿತಗೊಳಿಸಿತು. ಆದರೆ ಗ್ರಾಹಕನ ಅಲಕ್ಷ್ಯದಿಂದಾದ ನಷ್ಟವನ್ನು, ಅವನು ಬ್ಯಾಂಕಿಗೆ ತಿಳಿಸುವ ತನಕ, ಅವನೇ ಹೊರಬೇಕೆಂದೂ, ತಿಳಿಸಿದ ಅನಂತರದ ನಷ್ಟ ಬ್ಯಾಂಕಿನದೆಂದೂ ಅದು ವಿಧಿಸಿತು. ನಾವೇ ಪಿನ್ ಒತ್ತಿದ ವ್ಯವಹಾರವನ್ನು ಅನಧಿಕೃತವೆಂದು ಸಾಧಿಸುವುದು ದುಸ್ಸಾಧ್ಯ. ತತ್‌ಕ್ಷಣ ತಿಳಿಸುವುದರ ಬೆಲೆ ಇದರಿಂದ ಇನ್ನಷ್ಟು ಸ್ಪಷ್ಟವಾಗುತ್ತದೆ.

ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಬೆಂಗಳೂರಿನಲ್ಲಿಯೇ ಸ್ಥಾಪಿತವಾಯಿತು; ಜಿಲ್ಲೆಗಳಲ್ಲಿಯೂ ಈ ಕಾರ್ಯಕ್ಕೆ ಠಾಣೆಗಳಿವೆ. ಫೋನು, ಕಂಪ್ಯೂಟರುಗಳ ಮೂಲಕ ವೇಷ ಮರೆಸಿ ವಂಚಿಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ವಿಧಿಯನ್ವಯ 3 ವರ್ಷಗಳವರೆಗೆ ಸೆರೆವಾಸ, 1 ಲಕ್ಷ ರೂಪಾಯಿಯವರೆಗೆ ದಂಡವುಂಟು. ಕಳೆದುಕೊಂಡವರಲ್ಲಿ ಅನೇಕರು ನಾಚಿಕೆಯಿಂದ ಮನೆಯವರಿಗೂ ಹೇಳದೆ ಸುಮ್ಮನಾಗುತ್ತಾರೆ. ನಾಚಬೇಕಾದವನು ವಂಚಿಸಿದವನು, ನಾವು ಮೌನವಾದಷ್ಟೂ ಅದೇ ಸಂಖ್ಯೆಯಿಂದ ಮತ್ತೊಬ್ಬರ ಮನೆಗೆ ಕರೆ ಹೋಗುತ್ತಿರುತ್ತದೆ.

ನಿಯಮದ ನೆಮ್ಮದಿ

ಇಷ್ಟು ಓದಿದವರಿಗೆ, ಹಾಗಾದರೆ ಯಾರನ್ನೂ ನಂಬಬಾರದೇ ಎಂಬ ಬೇಸರ ಮೂಡಬಹುದು. ಮನುಷ್ಯರನ್ನು ಸಂಶಯದಿಂದ ಕಾಣುತ್ತ ಬದುಕುವುದು ಸುಖದ ಬಾಳಲ್ಲ. ಈ ಲೇಖನದ ಉದ್ದೇಶವೂ ಅದಲ್ಲ. ದನಿಯನ್ನು ಕೇಳಿ, ಚಿತ್ರವನ್ನು ನೋಡಿ, ಎದುರಿಗಿರುವವನು ಒಳ್ಳೆಯವನೋ ಕೆಟ್ಟವನೋ ಎಂದು ನಿರ್ಣಯಿಸಲು ಹೊರಟಾಗಲೇ ನಾವು ತಪ್ಪುವುದು. ಏಕೆಂದರೆ ಒಳ್ಳೆಯವನಂತೆ ತೋರುವುದೇ ವಂಚಕನ ವೃತ್ತಿ.

ನಿಯಮವನ್ನು ಅವಲಂಬಿಸಿದವನಿಗೆ ಈ ನಿರ್ಣಯದ ಭಾರವಿಲ್ಲ. ಪಡೆಯುವಾಗ ಏನನ್ನೂ ಒತ್ತುವುದಿಲ್ಲ. ನನ್ನ ಖಾತೆಯಲ್ಲಿ ಕಂಡ ಮೇಲೆಯೇ ವಸ್ತುವನ್ನು ಕೊಡುತ್ತೇನೆ. ಬಂದವನೊಡನೆಯೇ ಬೆಲೆ ಮಾತಾಡುತ್ತೇನೆ. ಈ ಮೂರನ್ನು ಬಂಧುವಿಗೂ ಅಪರಿಚಿತನಿಗೂ, ನಿಜವಾದ ಸೈನಿಕನಿಗೂ ವೇಷಧಾರಿಗೂ ಸಮಾನವಾಗಿ ಅನ್ವಯಿಸಿದರೆ ಯಾರಿಗೂ ಅವಮಾನ ಮಾಡಿದಂತಾಗುವುದಿಲ್ಲ. ಪ್ರಾಮಾಣಿಕನಾದ ಗಿರಾಕಿಗೆ ಎರಡು ನಿಮಿಷ ಕಾಯುವುದರಿಂದ ನಷ್ಟವೇನೂ ಇಲ್ಲ. ಕಾಯಲಾರೆನೆಂದು ಸಿಡುಕುವವನು ತನ್ನ ಪರಿಚಯವನ್ನು ತಾನೇ ಮಾಡಿಕೊಟ್ಟಂತಾಯಿತು. ಈ ಮೂರು ಮಾತುಗಳನ್ನು ಇಂದೇ ಮನೆಯ ಹಿರಿಯರಿಗೂ, ಹೊಸದಾಗಿ ಖಾತೆ ತೆರೆದ ಮಕ್ಕಳಿಗೂ ಕೂತು ತಿಳಿಸಿಹೇಳುವುದು ನಮ್ಮೆಲ್ಲರ ಕರ್ತವ್ಯ.